ಮಂಚದ ಕೆಳಗಿನ ಚೀಲ

ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ನಾವು ಎಷ್ಟು ನಂಬಿಬಿಟ್ಟಿದ್ದೇವೆಂದರೆ, ಮನೆಯ ಹಿರಿಯರು ಮಾತು ಮರೆತರೆ, ಹೆಜ್ಜೆ ತಪ್ಪಿದರೆ ಡಾಕ್ಟರರ ನೆನಪೇ ಆಗುವುದಿಲ್ಲ. ಗಡಹಿಂಗ್ಲಜ ಕಡೆಯ ಒಬ್ಬ ಅಜ್ಜನ ವಿಷಯದಲ್ಲೂ ಹಾಗೇ ಆಯಿತು. ದನದ ಕೊಟ್ಟಿಗೆಯ ಹೊಸ್ತಿಲಲ್ಲಿ ಜಾರಿ ತಲೆಗೆ ಸಣ್ಣ ಪೆಟ್ಟಾಗಿತ್ತು. ಅರಿಶಿನ ಹಚ್ಚಿದರು, ಬುಗುಟು ಇಳಿಯಿತು, ಎಲ್ಲರೂ ಮರೆತರು. ಐದಾರು ವಾರಗಳ ನಂತರ ಬಲಗಾಲಿನ ಚಪ್ಪಲಿ ಅವರಿಗೆ ತಿಳಿಯದಂತೆ ಕಳಚಿ ಬೀಳತೊಡಗಿತು. ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿರುವ ಮಗ ರಜೆಗೆ ಬಂದಾಗ ಅವನನ್ನು ತನ್ನ ತಮ್ಮನ ಹೆಸರಿನಿಂದ ಕರೆದರು. ಆ ಮಗನೇ ಹಟ ಹಿಡಿದು ಇಚಲಕರಂಜಿಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದ್ದು. ಅಂದೇ ಕೊಲ್ಹಾಪುರಕ್ಕೆ ಸಾಗಿಸಿ ಆಪರೇಷನ್ನೂ ಆಯಿತು.

ಮರುದಿನ ನಾನು ಹೋದಾಗ ಮಗಳು ಬಾಗಿಲಲ್ಲೇ ತಡೆದಳು. “ಫಾದರ್, ಅಪ್ಪನ ತಲಿಯೊಳಗಿಂದ ಇನ್ನೂ ರಕ್ತ ಬರಾಕತ್ತೈತ್ರಿ. ಆಪರೇಷನ್ ಕೆಟ್ಟೈತೇನ್ರಿ? ಎಣ್ಣಿ ಹಚ್ಚಿಬಿಡ್ರಿ.” ತಲೆಯ ಪಟ್ಟಿಯಿಂದ ಹೊರಟ ಸಣ್ಣ ಕೊಳವೆ, ಮಂಚದ ಕೆಳಗೆ ತೂಗುವ ಚೀಲ, ಅದರಲ್ಲಿ ಕಪ್ಪು ಕೆಂಪು ನೀರು. ಅಭ್ಯಂಗ ಕೊಟ್ಟೆ. (ಅದು ರೋಗಿಗಳ ಸಂಸ್ಕಾರ, ಸಾಯುವವರದ್ದು ಮಾತ್ರವಲ್ಲ ಎಂದು ಎಷ್ಟು ಸಲ ಹೇಳಿದರೂ ನಮ್ಮ ಜನರ ಭಯ ಹೋಗುವುದಿಲ್ಲ.) ಆಮೇಲೆ ಡಾಕ್ಟರರನ್ನು ಕಂಡು ಕೇಳಿದೆ.

ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ. ಆಗ ಮೆದುಳಿನಿಂದ ಅದರ ಹೊರಪೊರೆಗೆ ಹೋಗುವ ನವಿರಾದ ರಕ್ತನಾಳಗಳು ಬಿಗಿದು ನಿಲ್ಲುತ್ತವೆ. ಸಣ್ಣ ಪೆಟ್ಟಿಗೂ ಅವು ಹರಿಯಬಹುದು. ಪೊರೆಯ ಕೆಳಗೆ ರಕ್ತ ವಾರಗಟ್ಟಲೆ ನಿಧಾನವಾಗಿ ಸೇರಿ, ಹಳೆಯ ಇಂಜಿನ್ ಆಯಿಲಿನಂತೆ ತೆಳ್ಳಗೆ ಕಪ್ಪಾಗಿ ಮೆದುಳನ್ನು ಒತ್ತುತ್ತದೆ. ತಲೆಬುರುಡೆಗೆ ಒಂದೆರಡು ತೂತು ಕೊರೆದು ಅದನ್ನು ತೊಳೆದು ತೆಗೆಯುತ್ತಾರೆ. ಆದರೆ ಇಷ್ಟು ದಿನ ಒತ್ತಿಸಿಕೊಂಡ ಮೆದುಳು ಒಂದೇ ಗಳಿಗೆಯಲ್ಲಿ ಅರಳಿ ಆ ಜಾಗ ತುಂಬುವುದಿಲ್ಲ. ಖಾಲಿ ಜಾಗದಲ್ಲಿ ಮತ್ತೆ ಒಸರು ಸೇರುತ್ತದೆ. ಶಿರೋಳ ಕಡೆ ಸವಳಾದ ಕಬ್ಬಿನ ಹೊಲದಲ್ಲಿ ನೆಲದಡಿಗೆ ಕೊಳವೆ ಹೂಳಿ ನೀರು ಬಸಿಯುತ್ತಾರಲ್ಲ, ಹಾಗೆಯೇ ಇದು ಎಂದೆ ಮಗನಿಗೆ. ಅವನಿಗೆ ಥಟ್ಟನೆ ತಿಳಿಯಿತು.

ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ 215 ರೋಗಿಗಳ ಮೇಲೆ ನಡೆದ ಅಧ್ಯಯನ 2009ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೊಳವೆ ಇಡದವರಲ್ಲಿ ನೂರಕ್ಕೆ 24 ಮಂದಿಗೆ ಮತ್ತೆ ರಕ್ತ ಸೇರಿ ಇನ್ನೊಮ್ಮೆ ಆಪರೇಷನ್ ಬೇಕಾಯಿತು. ಇಟ್ಟವರಲ್ಲಿ ಸುಮಾರು 9 ಮಂದಿಗೆ ಮಾತ್ರ. ಆರು ತಿಂಗಳಲ್ಲಿ ತೀರಿಕೊಂಡವರ ಪ್ರಮಾಣವೂ ಕೊಳವೆ ಇಟ್ಟವರಲ್ಲಿ ಅರ್ಧಕ್ಕಿಂತ ಕಡಿಮೆ. ಮಗಳನ್ನು ಹೆದರಿಸಿದ ಆ ಚೀಲವೇ ಅಪ್ಪನನ್ನು ಕಾಯುತ್ತಿತ್ತು.

ಇದು ಬಡವರ ಕಾಯಿಲೆಯೂ ಅಲ್ಲ. ಬ್ರೆಜಿಲ್ ದೇಶದ ಅಧ್ಯಕ್ಷ ಲೂಲಾ 2024ರ ಅಕ್ಟೋಬರಿನಲ್ಲಿ ಸ್ನಾನದ ಕೋಣೆಯಲ್ಲಿ ಬಿದ್ದರು. ತಲೆನೋವು ಬಂದು ಆಪರೇಷನ್ ಆದದ್ದು ಡಿಸೆಂಬರ್ 10ರಂದು. ಅವರ ತಲೆಗೂ ಕೊಳವೆ ಇಟ್ಟಿದ್ದರು. ಎರಡು ದಿನಕ್ಕೆ ತೆಗೆದರು.

ನಮ್ಮ ಅಜ್ಜನಿಗೂ ಎರಡು ದಿನವೇ. ಅಷ್ಟರಲ್ಲಿ ಒಂದು ಗಾಬರಿ ನಡೆಯಿತು. ನೋಡಲು ಬಂದ ನೆಂಟರೊಬ್ಬರು, ಕಸ ಗುಡಿಸಲು ಅಡ್ಡವಾಯಿತೆಂದು, ಚೀಲವನ್ನು ಎತ್ತಿ ದಿಂಬಿನ ಮೇಲಿಟ್ಟರು. ನರ್ಸಮ್ಮ ಓಡಿ ಬಂದು ಇಳಿಸಿದರು. ಚೀಲ ತಲೆಗಿಂತ ಮೇಲೆ ಹೋದರೆ ಬಸಿದದ್ದು ಹಿಂದಕ್ಕೆ ಹರಿಯಬಹುದು. ಕೊಳವೆ ಮಡಚಬಾರದು, ಎಳೆಯಬಾರದು. ರೋಗಿಯನ್ನು ಏಳಿಸಿ ಕೂರಿಸುವ ಮೊದಲು ನರ್ಸನ್ನು ಕೇಳಬೇಕು. ಚೀಲದಲ್ಲಿ ಒಮ್ಮೆಲೆ ಹೊಸ ಕೆಂಪು ರಕ್ತ ಕಂಡರೆ, ರೋಗಿಗೆ ಮಂಪರು ಹೆಚ್ಚಿದರೆ, ಜ್ವರ ಅಥವಾ ಫಿಟ್ಸ್ ಬಂದರೆ ತಕ್ಷಣ ಹೇಳಬೇಕು. ಆ ರಾತ್ರಿಯೆಲ್ಲ ಮಗ ಅಜ್ಜನ ಕೈ ಹಿಡಿದು ಕುಳಿತಿದ್ದ. ಮಂಪರಿನಲ್ಲಿ ಅವರ ಕೈ ಮತ್ತೆ ಮತ್ತೆ ಪಟ್ಟಿಯ ಕಡೆಗೇ ಹೋಗುತ್ತಿತ್ತು.

ಕೊಳವೆ ತೆಗೆದ ದಿನ ಅಜ್ಜ ಮಗನನ್ನು ಸರಿಯಾದ ಹೆಸರಿನಿಂದ ಕರೆದು, ಎಮ್ಮೆ ಎಷ್ಟು ಹಾಲು ಕೊಟ್ಟಿತೆಂದು ಕೇಳಿದರು. ಮುಂದಿನ ಸ್ಕ್ಯಾನಿನ ಚೀಟಿ ಮಗನ ಜೇಬಿನಲ್ಲಿದೆ. ಹೃದಯಕ್ಕೆಂದು ಅವರು ನುಂಗುತ್ತಿದ್ದ ರಕ್ತ ತೆಳುವಾಗಿಸುವ ಮಾತ್ರೆ ಸದ್ಯಕ್ಕೆ ನಿಂತಿದೆ; ಮತ್ತೆ ಯಾವಾಗ ಕೊಡಬೇಕೆಂಬುದನ್ನು ಆ ಸ್ಕ್ಯಾನ್ ನೋಡಿ ಡಾಕ್ಟರರೇ ಹೇಳುತ್ತಾರಂತೆ.