ಕಾಲುವೆ ಒಂದು, ಗದ್ದೆ ಹಲವು

ಗಂಗಾವತಿಯ ಕಡೆ ಭತ್ತದ ಗದ್ದೆಗಳು ಹಲವು. ಅವು ನೆಚ್ಚಿದ ತುಂಗಭದ್ರೆಯ ಎಡದಂಡೆ ಕಾಲುವೆ ಒಂದೇ. ನಾನು ಬರೆದ ಮೂರು ತಂತ್ರಾಂಶಗಳೂ ಹಾಗೆಯೇ ಒಂದೇ ಲೈಬ್ರರಿಯನ್ನು, ಎಂದರೆ ಬೇರೆಯವರು ಬರೆದಿಟ್ಟ ಸಿದ್ಧ ಭಾಗವನ್ನು, ನೆಚ್ಚಿದ್ದವು. ಅದರ ಆವೃತ್ತಿಯ ಸಂಖ್ಯೆಯನ್ನು ಮೂರು ಕಡೆ ಬರೆದಿದ್ದೆ. ಎರಡು ಕಡೆ ತಿದ್ದಿ ಒಂದು ಕಡೆ ಮರೆತೆ. ಮೂರನ್ನೂ ಕೂಡಿಸಿ ತೋರಿಸಬೇಕಾದ ದಿನವೇ ಕೆಲಸ ಕೆಟ್ಟಿತು.

ಮೇವನ್ ಎಂಬ ಸಾಧನದಲ್ಲಿ ಇದಕ್ಕೆ ಉಪಾಯವುಂಟು. ಹಿರಿಯ ಕಡತವೊಂದರಲ್ಲಿ ಸಂಖ್ಯೆಯನ್ನು ಒಮ್ಮೆ ಬರೆದಿಟ್ಟರೆ, ಕಿರಿಯ ಯೋಜನೆಗಳು ಲೈಬ್ರರಿಯ ಹೆಸರನ್ನಷ್ಟೇ ಹೇಳಿದರೆ ಸಾಕು.

ನೆಮ್ಮದಿಯಾಯಿತು. ಆದರೆ 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಸರಪಳಿ ಹರಿದು ಕೊಚ್ಚಿಹೋದದ್ದು ನೆನಪಾಯಿತು. ಕೆಟ್ಟದ್ದು ಒಂದು ಗೇಟು. ಕಳವಳ ಎಲ್ಲ ಗದ್ದೆಗೂ. ಈಗ ಆ ಒಂದು ಸಾಲನ್ನು ತಿದ್ದಿದರೆ, ಮೂರನ್ನೂ ಓಡಿಸಿ ನೋಡದೆ ಏಳುವುದಿಲ್ಲ.