ನಡುಕದ ಸ್ವರಲಿಪಿ

ಭೂಪಾಲಿ ಮತ್ತು ದೇಶಕಾರ್ ರಾಗಗಳಲ್ಲಿ ಇರುವುದು ಅವೇ ಐದು ಸ್ವರಗಳು. ಆದರೂ ಒಂದು ಇರುಳಿನ ಮೊದಲ ಜಾವದ್ದು, ಇನ್ನೊಂದು ಬೆಳಗಿನದು. ಭೂಪಾಲಿ ಗಾಂಧಾರದ ಮೇಲೆ ನಿಲ್ಲುತ್ತದೆ, ದೇಶಕಾರ್ ಧೈವತವನ್ನು ಆಶ್ರಯಿಸುತ್ತದೆ. ಬಳಕೆಯಾದ ಸ್ವರಗಳ ಪಟ್ಟಿಯನ್ನಷ್ಟೇ ಕೈಗಿತ್ತರೆ ಎಂಥ ರಸಿಕನಿಗೂ ರಾಗದ ಗುರುತು ಸಿಕ್ಕದು. ಯಾವ ಸ್ವರ ಯಾವಾಗ ಬಂತು, ಎಷ್ಟು ಹೊತ್ತು ನಿಂತಿತು ಎಂಬುದೂ ತಿಳಿಯಬೇಕು. ಭೂಮಿಯ ನಡುಕವನ್ನು ಓದುವವರ ಕಷ್ಟವೂ ಇದೇ.

ಆ ಓದು ನನ್ನ ಉದ್ಯೋಗ. ಹೈದರಾಬಾದಿಗೆ ಬಂದಂದಿನಿಂದ ಅನ್ನ ಕೊಟ್ಟಿರುವುದು ಅದೇ. ಕಂಪನಮಾಪಕ ನಮ್ಮ ಮುಂದಿಡುವುದು ಒಂದು ಅಂಕುಡೊಂಕಾದ ಗೆರೆಯನ್ನು. ಅಂಥ ಗೆರೆಯನ್ನು ಸರಳ ಅಲೆಗಳ ಮೊತ್ತವಾಗಿ ಬಿಡಿಸುವ ಉಪಾಯವನ್ನು ಫ್ರಾನ್ಸಿನ ಫೂರಿಯೇ 1822ರಲ್ಲಿ ಪ್ರಕಟಿಸಿದ ತನ್ನ ಶಾಖಸಿದ್ಧಾಂತದ ಗ್ರಂಥದಲ್ಲಿ ವಿವರಿಸಿದ. ಯಾವ ಆವೃತ್ತಿ ಎಷ್ಟಿದೆ ಎಂದು ಅದು ನಿಖರವಾಗಿ ಹೇಳುತ್ತದೆ. ಆದರೆ ಯಾವಾಗ ಬಂತೆಂಬುದು ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಕಾಲ ಮತ್ತು ಆವೃತ್ತಿಗಳನ್ನು ಒಂದೇ ಹಾಳೆಯ ಎರಡು ಅಕ್ಷಗಳಾಗಿ ಕಾಣುವ ದಾರಿಯನ್ನು 1946ರಲ್ಲಿ ಡೆನಿಸ್ ಗಾಬೊರ್ ತೋರಿದ. ಗೆರೆಯ ಮೇಲೆ ಚಿಕ್ಕದೊಂದು ಕಿಟಕಿಯನ್ನಿಟ್ಟು ಮೆಲ್ಲನೆ ಸರಿಸುತ್ತ ಹೋದರೆ ನಡುಕದ ಸ್ವರಲಿಪಿಯೇ ಸಿಕ್ಕಂತೆ.

ಆದರೆ ಕಿಟಕಿಗೆ ಬೆಲೆ ತೆರಬೇಕು. ಒಂದು ಸೆಕೆಂಡಿನ ಕಿಟಕಿಯಲ್ಲಿ, ಪರಸ್ಪರ ಒಂದು ಹರ್ಟ್ಸ್‌ಗಿಂತ ಹತ್ತಿರವಿರುವ ಆವೃತ್ತಿಗಳು ಬೇರೆ ಬೇರೆಯಾಗಿ ತೋರುವುದಿಲ್ಲ. ಹತ್ತು ಸೆಕೆಂಡಿಗೆ ಹಿಗ್ಗಿಸಿದರೆ ಆವೃತ್ತಿ ಸ್ಪಷ್ಟವಾಗುತ್ತದೆ, ಅಲೆ ಬಂದ ಕ್ಷಣ ಮಸುಕಾಗುತ್ತದೆ. ಇದು ಯಂತ್ರದ ದೋಷವಲ್ಲ, ಗಣಿತದ ನಿಯಮ. ಫ್ರಾನ್ಸಿನಲ್ಲಿ ತೈಲಶೋಧನೆಯ ಎಂಜಿನಿಯರಾಗಿದ್ದ ಜಾನ್ ಮೊರ್ಲೆ, ಮಂದ್ರಕ್ಕೆ ಉದ್ದ ಕಿಟಕಿ, ತಾರಕ್ಕೆ ಗಿಡ್ಡ ಕಿಟಕಿ ಎಂಬ ಹೊಂದಾಣಿಕೆಯನ್ನು ತಂದ. ಭೌತವಿಜ್ಞಾನಿ ಅಲೆಕ್ಸ್ ಗ್ರಾಸ್‌ಮನ್ ಜೊತೆ ಸೇರಿ ಅವನು 1984ರಲ್ಲಿ ಅದಕ್ಕೆ ಗಣಿತದ ತಳಹದಿ ಒದಗಿಸಿದ. ಇಂದು ಎಲ್ಲೆಡೆ ಬಳಕೆಯಾಗುವ ವೇವ್‌ಲೆಟ್ ವಿಧಾನ ಬೆಳೆದದ್ದು ಹೀಗೆ, ನೆಲದಡಿಯ ಪ್ರತಿಧ್ವನಿಗಳನ್ನು ಕೇಳುವ ಅಗತ್ಯದಿಂದ.

ನನಗೆ ಇದು ಬರಿಯ ಗಣಿತವಾಗಿ ಉಳಿಯದಿರುವುದಕ್ಕೆ ಕಾರಣ ನಮ್ಮವ್ವ. ನಮ್ಮೂರು ಬೀದರ್ ಜಿಲ್ಲೆಯಲ್ಲಿ, ಮಹಾರಾಷ್ಟ್ರದ ಗಡಿಯ ಬದಿಗಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಕಳಿಸಿ ಜನ ಮಲಗಿದ್ದಾಗ, ಕಿಲ್ಲಾರಿ ನೆಲಸಮವಾಯಿತು. ಆ ಸೀಮೆಯಲ್ಲಿ 7,500ಕ್ಕೂ ಹೆಚ್ಚು ಜನ ಸತ್ತರು. ಅಂದಿನಿಂದ ಅವ್ವನಿಗೆ ಪಾತ್ರೆ ಅಲುಗಿದರೂ ನಿದ್ದೆಯಿಲ್ಲ. ಈಚೆಗೆ ಊರ ಬಳಿ ಕಲ್ಲಿನ ಖಣಿಯೂ ಬಂದಿದೆ. ಫೋನಿನಲ್ಲಿ ಅವಳ ಪ್ರಶ್ನೆ ಒಂದೇ: “ಭೂಮಿ ಮತ್ತ ನಡುಗಿತಪಾ. ಭೂಕಂಪೇನು, ಖಣ್ಯಾಗ ಮದ್ದು ಹಾರಿಸ್ಯಾರೇನು?”

ಬರಿಯ ಗೆರೆ ನೋಡಿ ಉತ್ತರಿಸುವುದು ಕಷ್ಟ. ಕಾಲ-ಆವೃತ್ತಿಯ ಚಿತ್ರದಲ್ಲಿ ಮಾತ್ರ ಕೆಲವು ಸುಳಿವುಗಳಿರುತ್ತವೆ. ಸಿಡಿತ ಎಲ್ಲ ದಿಕ್ಕಿಗೂ ತಳ್ಳುತ್ತದೆ; ಆದ್ದರಿಂದ ಮೊದಲು ಬರುವ ಪಿ ಅಲೆ ಜೋರು, ಹಿಂಬಾಲಿಸುವ ಎಸ್ ಅಲೆ ಸಾಮಾನ್ಯವಾಗಿ ಕ್ಷೀಣ. ಬಂಡೆ ಬಂಡೆಯ ಮೇಲೆ ಜಾರಿದ ಭೂಕಂಪದಲ್ಲಿ ಎಸ್ ಅಲೆಯೇ ಪ್ರಬಲ. ಖಣಿಯಲ್ಲಿ ಮದ್ದಿನ ಕುಳಿಗಳನ್ನು ಮಿಲಿಸೆಕೆಂಡುಗಳ ಸಮಾನ ಅಂತರದಲ್ಲಿ ಒಂದರ ಹಿಂದೊಂದು ಸಿಡಿಸಿದ್ದರೆ, ಆ ಲಯ ಚಿತ್ರದಲ್ಲಿ ಕೊನೆತನಕ ಅಡ್ಡಪಟ್ಟಿಗಳಾಗಿ ನಿಲ್ಲುತ್ತದೆ. ಒಂದೇ ಕಿಟಕಿಯ ಮಾತನ್ನು ನಾನು ನಂಬುವುದಿಲ್ಲ. ಅಳತೆ ಬದಲಿಸಿ ಮೂರು ನಾಲ್ಕು ಸಲ ನೋಡುತ್ತೇನೆ. ಎಲ್ಲದರಲ್ಲೂ ಉಳಿದದ್ದನ್ನಷ್ಟೇ ಹೇಳುತ್ತೇನೆ. ಭೂಕಂಪವನ್ನು ಸಿಡಿತವೆಂದರೆ ಅವಳು ಅಪಾಯದಲ್ಲಿ ನೆಮ್ಮದಿಯಿಂದ ಮಲಗಿಯಾಳು. ಸಿಡಿತವನ್ನು ಭೂಕಂಪವೆಂದರೆ ಊರೇ ಅಂಗಳದಲ್ಲಿ ರಾತ್ರಿ ಕಳೆದೀತು.

ಹೆಚ್ಚಿನ ಸಲ ಉತ್ತರ ಖಣಿಯೇ. ಒಮ್ಮೆ ಮಾತ್ರ “ಭೂಕಂಪನೇ ಅವ್ವಾ, ಸಣ್ಣದು” ಎಂದೆ. ಅವಳು ತುಸು ಸುಮ್ಮನಿದ್ದು, “ಹಂಗಾದ್ರ ಹಿಂದಿನ ಗ್ವಾಡಿ ಕೆಡವಿಸಬೇಕು” ಎಂದಳು. ಅಜ್ಜನ ಕಾಲದ ಕಲ್ಲುಮಣ್ಣಿನ ಗೋಡೆಯದು. ಕಿಲ್ಲಾರಿಯಲ್ಲಿ ಮಲಗಿದ್ದವರ ಮೇಲೆ ಬಿದ್ದದ್ದು ಅಂಥ ಗೋಡೆಗಳೇ.

ಮುಂದಿನ ನಡುಕ ಯಾವಾಗ ಎಂಬುದನ್ನು ನಮ್ಮ ಯಾವ ಚಿತ್ರವೂ ಹೇಳಲಾರದು. ಆಗಿಹೋದದ್ದನ್ನು ಸರಿಯಾಗಿ ಓದುವುದಷ್ಟೇ ನಮ್ಮ ಪಾಲಿನದು. ಆ ಓದಿನಿಂದ ಒಂದು ಗೋಡೆ ಇಳಿದರೂ ಅದು ಸಾರ್ಥಕವೆಂದು ನನಗನ್ನಿಸುತ್ತದೆ.