ಜಗಳಗಂಟ ಮೀನುಗಳ ಜೊತೆ

ಉಪ್ಪಿನಂಗಡಿಯಲ್ಲೊಂದು ಮದುವೆ ಮುಗಿಸಿ ರಾತ್ರಿ ಕಬಕಕ್ಕೆ ಮರಳಿದಾಗ ನಮ್ಮ ಚಾವಡಿಯ ಅಕ್ವೇರಿಯಂನ ದೀಪ ಉರಿಯುತ್ತಲೇ ಇತ್ತು. ಒಳಗೊಂದು ಮೀನು ಮಗ್ಗುಲಾಗಿ ತೇಲುತ್ತಿತ್ತು. ರೆಕ್ಕೆಗಳು ಹರಿದು ಚಿಂದಿಯಾಗಿದ್ದವು, ಒಂದು ಕಣ್ಣೇ ಇರಲಿಲ್ಲ. ಇನ್ನೊಂದು ಮೀನು ಏನೂ ಆಗಿಲ್ಲವೆಂಬಂತೆ ಕಲ್ಲಿನ ಬದಿಯಿಂದ ಮುಂದೆ ಬಂದು, ನಮ್ಮನ್ನು ನೋಡಿ ಬಾಲ ಆಡಿಸಿತು. ಹಸಿವಾಗಿದೆ ಎಂದರ್ಥ. ಮಕ್ಕಳು ಅತ್ತರು. ಹಿರಿಯ ಮಗ ಅದಕ್ಕೆ 'ಕೊಲೆಗಾರ' ಎಂದು ಹೆಸರಿಟ್ಟ. ಎರಡು ಮೂರು ದಿನ ಯಾರೂ ಅದಕ್ಕೆ ಮನಸ್ಸಿಟ್ಟು ತಿಂಡಿ ಹಾಕಲಿಲ್ಲ.

ತಪ್ಪು ಯಾರದೆಂದು ತಿಳಿಯಲು ನಮಗೆ ಬಹಳ ಸಮಯ ಹಿಡಿಯಿತು.

ಅಸಲಿಗೆ ಮೀನು ಸಾಕುವ ಹುಚ್ಚು ನಮಗೆ ಇರಲಿಲ್ಲ. ಗಲ್ಫಿನಿಂದ ರಜೆಗೆ ಬಂದ ಬಾವ ಮಕ್ಕಳ ಸಂತೋಷಕ್ಕೆಂದು ಎರಡು ಅಡಿ ಉದ್ದದ ಟ್ಯಾಂಕ್ ಕೊಡಿಸಿದರು. ಮೀನು ಆರಿಸಿದ್ದು ಮಕ್ಕಳು. ಎಂಟಾಣೆ ಪಾವಲಿಯಷ್ಟೇ ಇದ್ದ ಎರಡು ಆಸ್ಕರ್, ಮೈತುಂಬ ಪಟ್ಟೆಯ ಕಾನ್ವಿಕ್ಟ್ ಜೋಡಿ, ಒಂದು ಜಾಕ್ ಡೆಂಪ್ಸಿ, ಮುತ್ತು ಚೆಲ್ಲಿದಂತಹ ಚುಕ್ಕೆಗಳ ಒಂದು ಟೆಕ್ಸಾಸ್. "ಇವು ದೊಡ್ಡದಾಗುವುದಿಲ್ಲವಾ?" ಎಂದು ಕೇಳಿದ್ದಕ್ಕೆ ಅಂಗಡಿಯವನು, "ಟ್ಯಾಂಕ್ ಎಷ್ಟು ಉಂಟೋ ಅಷ್ಟೇ ಬೆಳೆಯುವುದು" ಎಂದ. ಈ ಮಾತನ್ನು ಎಷ್ಟು ಮಂದಿ ನಂಬಿದ್ದಾರೋ! ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಎಂದರೆ ಹೆಚ್ಚೆಂದರೆ 56 ಲೀಟರ್ ನೀರು. ಒಂದು ಆಸ್ಕರ್ ಪೂರ್ತಿ ಬೆಳೆದರೆ ಸುಮಾರು ಒಂದಡಿ ಉದ್ದವಾಗುತ್ತದೆ. ಆ ಟ್ಯಾಂಕಿನಲ್ಲಿ ಅದಕ್ಕೆ ತಿರುಗಿ ನಿಲ್ಲಲೂ ಜಾಗವಿರದು. ಅಂಥದರಲ್ಲಿ ಆರು ಮೀನುಗಳನ್ನು ತುಂಬಿದ್ದೆವು.

ಇವೆಲ್ಲ ಸಿಕ್ಲಿಡ್ ಎಂಬ ಒಂದೇ ದೊಡ್ಡ ಕುಟುಂಬದವು. ಹೆಸರು ಹೊಸದೆನಿಸಬಹುದು, ಆದರೆ ನೆಂಟರು ನಮಗೆ ಅಪರಿಚಿತರಲ್ಲ. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕದ ತಿಲಾಪಿಯ, ಅಂದರೆ ನಮ್ಮ 'ಜಿಲೇಬಿ ಮೀನು', ಇದೇ ಕುಟುಂಬದ್ದು. ಕೇರಳದವರು ಬಾಳೆಎಲೆಯಲ್ಲಿ ಸುತ್ತಿ ಸುಡುವ ಕರಿಮೀನೂ ಸಿಕ್ಲಿಡ್ಡೇ. ಅಮೆರಿಕದ ಕವಲು ಮಾತ್ರ ಜಗಳಕ್ಕೆ ಹೆಸರುವಾಸಿ. ಜಾಕ್ ಡೆಂಪ್ಸಿಗೆ ಆ ಹೆಸರು ಬಂದದ್ದೇ 1919ರಿಂದ 1926ರವರೆಗೆ ಹೆವಿವೇಟ್ ಚಾಂಪಿಯನ್ ಆಗಿದ್ದ ಬಾಕ್ಸರ್‌ನಿಂದ. ಆದರೆ ನಮ್ಮ ಮನೆಯಲ್ಲಿ ಸತ್ತದ್ದು ಆ ಬಾಕ್ಸರೇ. ಕೊಂದದ್ದು ಟೆಕ್ಸಾಸ್.

ಏಕೆ ಕೊಂದಿತು? ಈ ಮೀನುಗಳಿಗೆ ಕೋಪಕ್ಕೆ ಇರುವುದು ಎರಡೇ ಕಾರಣ: ಜಾಗ ಮತ್ತು ಮಕ್ಕಳು. ಒಂದು ಕಲ್ಲು, ಒಂದು ಪೊಟರೆ, ಅದರ ಸುತ್ತ ಒಂದಿಷ್ಟು ನೆಲ ತನ್ನದೆಂದು ಅದು ಗೊತ್ತು ಮಾಡಿಕೊಳ್ಳುತ್ತದೆ. ಯಾರಾದರೂ ಒಳಗೆ ಬಂದರೆ ಮೊದಲು ಮೈಬಣ್ಣ ಗಾಢ ಮಾಡಿ, ಕಿವಿರು ಅರಳಿಸಿ ಹೆದರಿಸುತ್ತದೆ. ಆಮೇಲೆ ಬಾಲದಿಂದ ನೀರು ಅಪ್ಪಳಿಸುತ್ತದೆ. ಅದಕ್ಕೂ ಜಗ್ಗದಿದ್ದರೆ ಬಾಯಿಗೆ ಬಾಯಿ ಕಚ್ಚಿ ಎಳೆದಾಡುತ್ತದೆ. ಹೊಳೆಯಲ್ಲಾದರೆ ಸೋತದ್ದು ಓಡಿಹೋಗುತ್ತದೆ, ಗೆದ್ದದ್ದು ಅಲ್ಲಿಗೇ ಬಿಡುತ್ತದೆ. ಎರಡು ಅಡಿಯ ಗಾಜಿನೊಳಗೆ ಓಡುವುದಾದರೂ ಎಲ್ಲಿಗೆ? ಸೋತ ಮೀನು ಇನ್ನೂ ಕಣ್ಣೆದುರೇ ಇದೆ, ಆದ್ದರಿಂದ ಗೆದ್ದ ಮೀನಿಗೆ ಜಗಳ ಮುಗಿದಿಲ್ಲ. ಸರ್ವೆ ಕಲ್ಲಿನ ತಕರಾರಿಗೆ ಮೂರು ತಲೆಮಾರು ಕೋರ್ಟು ಹತ್ತುವ ನಮ್ಮೂರಿನವರಿಗೆ ಇದು ಬೇಗ ಅರ್ಥವಾಗಬೇಕಿತ್ತು. ನಮಗೆ ಆಗಲಿಲ್ಲ. ಆ ಮೀನಿಗೆ 'ಕೊಲೆಗಾರ' ಎಂಬ ಹೆಸರು ಹಾಗೇ ಉಳಿದುಕೊಂಡಿತು, ಅದನ್ನು ಆ ಸ್ಥಿತಿಗೆ ತಂದ ನಮಗೆ ಯಾವ ಹೆಸರೂ ಬರಲಿಲ್ಲ.

ನಾಲ್ಕು ಅಡಿಯ ಟ್ಯಾಂಕ್ ತಂದೆವು. ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ನೀರೇ ಸುಮಾರು 250 ಕಿಲೋ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದೆವು. "ಟೈಲ್ಸ್ ಒಡೆದು ಹೋದರೆ ಎಂತ ಮಾಡುವುದು? ಮೀನು ತಿನ್ನಲಿಕ್ಕಿರುವುದು, ನೋಡಲಿಕ್ಕಲ್ಲ" ಎಂದು ಉಮ್ಮ ಗೊಣಗಿದರು. ಈ ಸಲ ಆತುರ ಮಾಡಲಿಲ್ಲ. ಹಳೆಯ ಟ್ಯಾಂಕಿನ ಕೊಳಕು ಸ್ಪಂಜನ್ನು ಹೊಸ ಫಿಲ್ಟರಿನೊಳಗಿಟ್ಟು ವಾರಗಟ್ಟಲೆ ಕಾದೆವು. ಮೀನಿನ ಹೇಲಿನಿಂದ ಅಮೋನಿಯ ಹುಟ್ಟುತ್ತದೆ, ಅದು ವಿಷ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ಅಷ್ಟೇನೂ ಕೆಡುಕಲ್ಲದ ನೈಟ್ರೇಟ್ ಮಾಡುತ್ತವೆ. ಈ ಕೆಲಸಗಾರರು ಹೊಸ ಟ್ಯಾಂಕಿನಲ್ಲಿ ತಾವಾಗಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹಳೆಯ ಸ್ಪಂಜು ಹಾಕಿದರೆ ತುಸು ಬೇಗ. ಉಳಿದ ನೈಟ್ರೇಟನ್ನು ತೆಗೆಯುವ ಸುಲಭ ದಾರಿ: ವಾರಕ್ಕೊಮ್ಮೆ ಕಾಲು ಭಾಗದಷ್ಟು ನೀರು ಬದಲಿಸುವುದು. ಆ ಕೊಳಕು ನೀರು ಬುಡಕ್ಕೆ ಬಿದ್ದ ಬಸಳೆ ಚಪ್ಪರ ಹೇಗೆ ಹಬ್ಬಿತೆಂದರೆ, ಉಮ್ಮನ ಗೊಣಗಾಟ ಅರ್ಧಕ್ಕಿಳಿಯಿತು.

ನೀರಿನದ್ದೇ ಇನ್ನೊಂದು ಕಥೆ. ನಮ್ಮದು ಮುರಕಲ್ಲಿನ ಬಾವಿ. ನೀರು ಮೆದು, ಸ್ವಲ್ಪ ಆಮ್ಲೀಯ. ಅಮೆಜಾನಿನ ಆಸ್ಕರ್‌ಗೆ ಇದು ತವರಿನಂತೆ. ಆದರೆ ಮೆಕ್ಸಿಕೋ, ಮಧ್ಯ ಅಮೆರಿಕದ ಕಡೆಯ ಟೆಕ್ಸಾಸ್, ಕಾನ್ವಿಕ್ಟ್‌ಗಳಿಗೆ ಗಡಸು ನೀರು ಹಿತ. ಮೆದು ನೀರು ದಿನ ಕಳೆದಂತೆ ಇನ್ನಷ್ಟು ಹುಳಿಯಾಗುತ್ತಾ ಹೋದರೆ ಬ್ಯಾಕ್ಟೀರಿಯಗಳೂ ಸೋಮಾರಿಯಾಗುತ್ತವೆ. ಮದ್ದು ಅಡಿಗೆಮನೆಯಲ್ಲೇ ಇತ್ತು. ಮರುವಾಯಿ ಪುಂಡಿ ಮಾಡಿದ ಮಾರನೆಯ ದಿನ ಚಿಪ್ಪುಗಳನ್ನು ಕುದಿಸಿ, ತಿಕ್ಕಿ, ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿಟ್ಟೆವು. ಸುಣ್ಣ ನಿಧಾನವಾಗಿ ಕರಗಿ ನೀರನ್ನು ಹಿಡಿದು ನಿಲ್ಲಿಸಿತು.

ತಿಂಡಿಗೆ ಪೆಲೆಟ್, ಆಗಾಗ ಸುಲಿದ ಸಿಗಡಿ, ತೋಟದ ಎರೆಹುಳ. ಮಳೆಗಾಲದಲ್ಲಿ ಮಾತ್ರ ಎರೆಹುಳ ಬೇಡವೇ ಬೇಡ. ಕೊಳೆರೋಗಕ್ಕೆ ಅಡಿಕೆಗೆ ಬೋರ್ಡೋ ಹೊಡೆದ ತೋಟದ ಮಣ್ಣದು. ಮೈಲುತುತ್ತಿನ ತಾಮ್ರ ಮೀನಿಗೆ ಆಗಿಬರುವುದಿಲ್ಲ. ಮದ್ದು ಹೊಡೆದ ಕೈಯನ್ನು ತೊಳೆಯದೆ ಟ್ಯಾಂಕಿಗೆ ಹಾಕಬಾರದೆಂದು ಮನೆಯಲ್ಲಿ ಕಾನೂನೇ ಆಯಿತು. ಜೀವಂತ ಗೋಲ್ಡ್‌ಫಿಶ್ ಹಾಕಿ ಬೇಟೆಯಾಡಿಸುವವರೂ ಇದ್ದಾರೆ. ರೋಗ ಬರುತ್ತದೆ ಎಂಬುದು ಹಾಗಿರಲಿ, ಮಕ್ಕಳೆದುರು ಅಂಥ ತಮಾಷೆ ನಮಗೆ ಬೇಡವೆನಿಸಿತು.

ಹೊಸ ಟ್ಯಾಂಕಿನಲ್ಲಿ ಕಲ್ಲು, ಮಡಕೆಗಳನ್ನು ಒಂದರಿಂದ ಇನ್ನೊಂದು ಮೂಲೆ ಕಾಣದಂತೆ ಇಟ್ಟೆವು. ಎಲ್ಲ ಮೀನುಗಳನ್ನೂ ಒಂದೇ ದಿನ ಬಿಟ್ಟೆವು, ಯಾರಿಗೂ 'ಇದು ಮೊದಲಿಂದ ನನ್ನದು' ಎನ್ನುವ ಹಕ್ಕು ಇರಬಾರದೆಂದು. ಕೊಲೆಗಾರನಿಗೆ ನಡುವೆ ಗಾಜಿನ ಅಡ್ಡಗೋಡೆ ಹಾಕಿ ಬೇರೆ ಕೋಣೆ. ಎರಡು ತಿಂಗಳು ಶಾಂತಿ.

ಆಮೇಲೆ ಕಾನ್ವಿಕ್ಟ್ ಜೋಡಿ ಮಡಕೆಯೊಳಗೆ ಮೊಟ್ಟೆಯಿಟ್ಟಿತು. ಮೂರು ಅಂಗುಲದ ತಂದೆ, ಅದಕ್ಕಿಂತ ಸಣ್ಣ ತಾಯಿ. ತಾಯಿ ರಾತ್ರಿ ಹಗಲು ಮೊಟ್ಟೆಗೆ ರೆಕ್ಕೆ ಬೀಸುತ್ತಾ ನಿಂತಿತು, ತಂದೆ ಬಾಗಿಲಲ್ಲಿ. ಅಷ್ಟರಲ್ಲಿ ಏಳೆಂಟು ಅಂಗುಲವಾಗಿದ್ದ ಎರಡು ಆಸ್ಕರ್‌ಗಳನ್ನು ಈ ಪುಟ್ಟ ದಂಪತಿ ಅಟ್ಟಿ ಅಟ್ಟಿ ಒಂದು ಮೂಲೆಗೆ ಸೇರಿಸಿ ನಿಲ್ಲಿಸಿದವು. ಮರಿಗಳು ಈಜತೊಡಗಿದಾಗ ತಂದೆ ತಾಯಿ ಹಿಂದೆ ಮುಂದೆ, ನಡುವೆ ಧೂಳಿನ ಮೋಡದಂತೆ ಮರಿಗಳು. ಉಮ್ಮ ಮೊದಲ ಸಲ ಟ್ಯಾಂಕಿನೆದುರು ಕುರ್ಚಿ ಹಾಕಿ ಕುಳಿತರು. "ಪಾಪ, ಮಕ್ಕಳಿರುವವರು" ಎಂದಷ್ಟೇ ಹೇಳಿದರು.

ಆಸ್ಕರ್‌ಗಳು ಮೊದಮೊದಲು ತಿಂಗಳಿಗೊಂದು ಅಂಗುಲದಂತೆ ಬೆಳೆದವು. ಒಂದನ್ನು ವಿಟ್ಲದ ನೆಂಟರೊಬ್ಬರು ಒಯ್ದರು. ಉಳಿದದ್ದು ಮನೆಯವರನ್ನು ಗುರುತು ಹಿಡಿಯುತ್ತಿತ್ತು. ಹೊಸಬರು ಬಂದರೆ ಕಲ್ಲಿನ ಹಿಂದೆ ಸರಿಯುತ್ತಿತ್ತು. ಕಲ್ಲು ಅತ್ತಿತ್ತ ಮಾಡಿದರೆ ಸಿಟ್ಟಿನಿಂದ ತಳದಲ್ಲಿ ಮಗ್ಗುಲು ಹಾಕಿ ಮಲಗಿಬಿಡುತ್ತಿತ್ತು, ಸತ್ತೇ ಹೋಯಿತೆಂದು ನಾವು ಗಾಬರಿಯಾಗುವಷ್ಟು. ಆದರೆ ನಾಲ್ಕು ಅಡಿಯೂ ಅದಕ್ಕೆ ಸಾಲದಾಗುತ್ತಿತ್ತು.

2019ರ ಮಳೆಗಾಲ. ಮನೆ ಹಿಂದಿನ ತೋಡು ತುಂಬಿ ಹರಿಯುತ್ತಿತ್ತು. ನೆರೆಮನೆಯವರು, "ಬಿಟ್ಟುಬಿಡಿ ಮಾರಾಯ್ರೆ, ಅದರ ಪಾಡಿಗೆ ಹೊಳೆ ಸೇರಲಿ, ಪುಣ್ಯ ಬರುತ್ತದೆ" ಎಂದರು. ನಮಗೂ ಸರಿಯೆನಿಸಿತು. ಬೆಕ್ಕನ್ನು ಕಟ್ಟಿಹಾಕಿ, ತಿನ್ನಲೂ ಕೊಡದೆ, ಬಿಡಲೂ ಬಿಡದೆ ಸಾಯಿಸಿದ ಹೆಂಗಸಿನ ಕಥೆ ಮದರಸದಲ್ಲಿ ಕೇಳದ ಮಗು ನಮ್ಮಲ್ಲಿಲ್ಲ. ಬಿಡುವುದೇ ದಯೆಯಲ್ಲವೇ? ಬಕೆಟ್ ಕೂಡ ತಂದಿಟ್ಟಿದ್ದೆವು.

ತಡೆದದ್ದು ಮಗ. ಹಿಂದಿನ ವರ್ಷ, 2018ರ ಕೇರಳದ ನೆರೆಯಲ್ಲಿ ಸಾಕಿದ ಕೊಳಗಳು ಒಡೆದು ಅಮೆಜಾನಿನ ದೈತ್ಯ ಮೀನು ಅರಪೈಮ ಚಾಲಕ್ಕುಡಿ ಹೊಳೆಯಲ್ಲಿ ಬಲೆಗೆ ಬಿದ್ದ ಸುದ್ದಿ ಅವನು ಓದಿದ್ದ. ಇನ್ನೊಂದು ಸಂಗತಿಯನ್ನೂ ಅವನೇ ಹೇಳಿದ. ನಮ್ಮ ಹೊಳೆಗಳಲ್ಲೂ ಒಂದು ಸಿಕ್ಲಿಡ್ ಇದೆ. ಬ್ರಿಟಿಷ್ ವೈದ್ಯ ಫ್ರಾನ್ಸಿಸ್ ಡೇ 1877ರಲ್ಲಿ ಅದನ್ನು ವಿವರಿಸಿ, ನಮ್ಮ ಜಿಲ್ಲೆಯ ಹೆಸರನ್ನೇ ಇಟ್ಟಿದ್ದಾನೆ: ಎಟ್ರೋಪ್ಲಸ್ ಕೆನರೆನ್ಸಿಸ್. ಮೈಮೇಲೆ ಅಡ್ಡಪಟ್ಟೆ, ಸಾಲು ಚುಕ್ಕೆ. ಈ ಸೀಮೆಯ ಹೊಳೆಗಳನ್ನು ಬಿಟ್ಟರೆ ಅದಕ್ಕೆ ಬೇರೆ ಊರಿಲ್ಲ. ಅಳಿಯುವ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲೂ ಇದೆ. ಅದರ ಮರಿಗಳನ್ನು ತಿನ್ನಲು ಒಂದಡಿಯ ಆಸ್ಕರ್‌ಗೆ ಎಷ್ಟು ಹೊತ್ತು ಬೇಕು? ಕುಮಾರಧಾರೆಯೂ ನೇತ್ರಾವತಿಯೂ ಕೂಡುವ ಉಪ್ಪಿನಂಗಡಿ ಇಲ್ಲೇ ಹತ್ತಿರ. ಹುಟ್ಟಿ ಬೆಳೆದ ಊರಿನ ಮೀನಿನ ಹೆಸರು ನಮಗೆ ಗೊತ್ತಿರಲಿಲ್ಲ, ಟೆಕ್ಸಾಸಿನದ್ದು ಗೊತ್ತಿತ್ತು.

ಬಕೆಟ್ ಬಚ್ಚಲಿಗೆ ಮರಳಿತು. ಆರು ಅಡಿಯ ಹಳೆಯ ಟ್ಯಾಂಕೊಂದನ್ನು ಸಾಲ ಮಾಡಿಯೇ ತಂದೆವು. ಮಗಳ ಓದುವ ಮೇಜು ಚಾವಡಿಯಿಂದ ಕೋಣೆಗೆ ಹೋಯಿತು. ಅವಳು ವಾರವಿಡೀ ಮಾತು ಬಿಟ್ಟಿದ್ದಳು.

ಟ್ಯಾಂಕ್ ಬಂದ ಮೂರನೆಯ ರಾತ್ರಿ ಗಾಳಿಮಳೆಗೆ ಎಲ್ಲೋ ಮರ ಬಿದ್ದು ಕರೆಂಟ್ ಹೋಯಿತು. ಇನ್ವರ್ಟರ್ ಎರಡು ಗಂಟೆಯಲ್ಲಿ ಸತ್ತಿತು. ಪಂಪ್ ನಿಂತರೆ ಇಷ್ಟು ದೊಡ್ಡ ಮೀನಿಗೆ ಉಸಿರು ಸಾಲದು. ಸರದಿಯಂತೆ ಒಬ್ಬೊಬ್ಬರು ಚೊಂಬಿನಲ್ಲಿ ನೀರು ಮೊಗೆದು ಮೇಲಿನಿಂದ ಸುರಿಯುತ್ತಾ ಕುಳಿತೆವು. ಸುಬಹಿಗೆ ಎದ್ದ ಉಮ್ಮ, "ಹೋಗಿ ಮಲಗಿ ನೀವು" ಎಂದು ಚೊಂಬು ಕಿತ್ತುಕೊಂಡರು. ಬೆಳಗಾದಾಗ ನೋಡಿದರೆ ಅವರು ಸ್ಟೂಲಿನ ಮೇಲೆ ಕುಳಿತು ನೀರು ಸುರಿಯುತ್ತಲೇ ಇದ್ದರು. ಮೀನು ಚೊಂಬಿನ ಕೆಳಗೆ ಬಂದು ನಿಂತಿತ್ತು. ಗಾಜಿನಾಚೆಯ ಕೋಣೆಯಿಂದ ಕೊಲೆಗಾರನೂ ಮೂಗು ತಾಗಿಸಿ ನೋಡುತ್ತಿತ್ತು. ಉಮ್ಮ ನಮ್ಮತ್ತ ತಿರುಗಿ, "ಅದಕ್ಕೂ ಆ ಬದಿಗೆ ಸ್ವಲ್ಪ ಹೊಯ್ಯಿರಿ" ಎಂದರು.